ಹೋಂಸ್ಟೇ ಹಿತ್ತಲಿನ ಕ್ಯಾಮೆರಾ ಯಾರನ್ನು ಕಾಯುತ್ತಿದೆ?

ಮಾನ್ಯ ಸಂಪಾದಕರೇ,

ನಮ್ಮ ಕಾಸರಗೋಡು ಜಿಲ್ಲೆಯ ಬೇಕಲ, ಕುಂಬಳೆ, ಮಂಜೇಶ್ವರ ಕಡೆ ದಿನದ ಬಾಡಿಗೆಗೆ ಸಿಗುವ ಮನೆಗಳು ಈಗ ಜಾಸ್ತಿಯಾಗಿವೆ. ಗಲ್ಫಿಗೆ ಹೋದವರ ಖಾಲಿ ಮನೆ, ಆಸ್ತಿ ಪಾಲಾದ ಮೇಲೆ ಬೀಗ ಬಿದ್ದ ತರವಾಡು (ಕುಟುಂಬದ ಮೂಲ) ಮನೆ, ಅಡಿಕೆ ತೋಟದ ನಡುವಿನ ಹಂಚಿನ ಮನೆ, ಹೀಗೆ ಎಲ್ಲಕ್ಕೂ ಸುಣ್ಣಬಣ್ಣ ಬಳಿದು ಬೋರ್ಡು ಹಾಕಿದ್ದಾರೆ. ಒಳ್ಳೆಯದೇ. ನಾನೂ ನಮ್ಮ ಮನೆಯ ಎರಡು ಕೋಣೆಗಳನ್ನು ಅತಿಥಿಗಳಿಗೆ ಕೊಡುವವಳು. ಬೇಕಲ ಕೋಟೆ ನೋಡಲಿಕ್ಕೆ, ಮಧೂರು ಮತ್ತು ಅನಂತಪುರ ದೇವಸ್ಥಾನಕ್ಕೆ ಬರುವ ಕುಟುಂಬಗಳಿಂದ ನಾಲ್ಕು ಕಾಸು ಬರುತ್ತದೆ. ಆದರೆ ಇಂಥ ಮನೆಗಳಲ್ಲಿ ಕ್ಯಾಮೆರಾ ಎಲ್ಲಿರಬಹುದು, ಎಲ್ಲಿರಬಾರದು ಅಂತ ನಾವು ಯಾರೂ ಕೂತು ಮಾತಾಡಿಲ್ಲ. ಸಿಕ್ಕಿದ ಗೋಡೆಗೆ ಹೊಡೆದು ಬಿಟ್ಟಿದ್ದೇವೆ.

ಕದ್ದಿಟ್ಟ ಕ್ಯಾಮೆರಾದ ವಿಷಯದಲ್ಲಿ ಚರ್ಚೆಯೇ ಬೇಡ. ಮಲಗುವ ಕೋಣೆಯಲ್ಲೋ ಬಚ್ಚಲಲ್ಲೋ ಅಂಥದ್ದನ್ನು ಇಟ್ಟವನು ಜೈಲಿಗೆ ಹೋಗಬೇಕಾದವನು. ಹೆಂಗಸರ ಖಾಸಗಿ ಕ್ಷಣಗಳನ್ನು ಕದ್ದು ನೋಡಿದರೆ, ಚಿತ್ರೀಕರಿಸಿದರೆ ಭಾರತೀಯ ನ್ಯಾಯ ಸಂಹಿತೆಯ 77ನೇ ಸೆಕ್ಷನ್ ಪ್ರಕಾರ ಮೊದಲ ಸಲಕ್ಕೇ 1ರಿಂದ 3 ವರ್ಷ ಸಜೆ. ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ 66ಇ ಸೆಕ್ಷನ್ ಗಂಡು ಹೆಣ್ಣು ಅನ್ನದೆ ಎಲ್ಲರಿಗೂ ರಕ್ಷಣೆ ಕೊಡುತ್ತದೆ. ಅದರಲ್ಲಿ 3 ವರ್ಷದವರೆಗೆ ಸಜೆ ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ನನ್ನ ತಕರಾರು ಕಣ್ಣಿಗೆ ಕಾಣುವಂತೆ, ‘ಸೇಫ್ಟಿಗೆ’ ಅಂತ ಹೇಳಿಯೇ ಹಾಕಿದ ಕ್ಯಾಮೆರಾದ ಬಗ್ಗೆ.

ಇಂಥ ಮನೆಗಳನ್ನು ಬುಕ್ ಮಾಡಿಸುವ ಆ್ಯಪ್ ಏರ್‌ಬಿಎನ್‌ಬಿ 2024ರ ಏಪ್ರಿಲ್ 30ರಿಂದ ತನ್ನ ಪಟ್ಟಿಯಲ್ಲಿರುವ ಮನೆಗಳ ಒಳಗೆ ಕ್ಯಾಮೆರಾ ಇಡುವುದನ್ನು ಪ್ರಪಂಚದಾದ್ಯಂತ ನಿಷೇಧಿಸಿತು. ಅದಕ್ಕೆ ಮೊದಲು ಹಾಲ್, ಕಾರಿಡಾರ್‌ನಂಥ ಜಾಗದಲ್ಲಿ ಕಾಣುವಂತೆ ಇಟ್ಟು, ಮೊದಲೇ ತಿಳಿಸಿದರೆ ನಡೆಯುತ್ತಿತ್ತು. ಈಗ ಆಫ್ ಮಾಡಿಟ್ಟದ್ದೂ ಒಳಗಿರುವಂತಿಲ್ಲ. ಹೊರಗೆ ಇಡಬಹುದು. ಆದರೆ ಎಲ್ಲಿದೆ ಅಂತ ಬುಕ್ ಮಾಡುವ ಮೊದಲೇ ಅತಿಥಿಗೆ ಗೊತ್ತಾಗುವಂತೆ ಬರೆದಿರಬೇಕು. ಮರೆ ಕಟ್ಟಿದ ಹೊರಗಿನ ಸ್ನಾನದ ಜಾಗದಂಥ ಕಡೆಗೆ ಅದು ಮುಖ ಮಾಡಬಾರದು. ಗಲಾಟೆಯ ಭಯ ಇರುವವರು ಶಬ್ದದ ಮಟ್ಟ ಅಳೆಯುವ ಯಂತ್ರ ಇಡಬಹುದು. ಅದನ್ನೂ ಮೊದಲೇ ತಿಳಿಸಬೇಕು, ಅದು ಮಾತನ್ನು ರೆಕಾರ್ಡ್ ಮಾಡುವಂತಿಲ್ಲ.

ನಿಯಮ ಚೆನ್ನಾಗಿದೆ. ಆದರೆ ಅದನ್ನು ಬರೆದವರ ಕಣ್ಣ ಮುಂದೆ ಇದ್ದದ್ದು ಬಾಗಿಲು ಹಾಕಿಕೊಂಡರೆ ಎಲ್ಲವೂ ಒಳಗೇ ಇರುವ ಫ್ಲ್ಯಾಟು, ವಿಲ್ಲಾಗಳು ಇರಬೇಕು. ನಮ್ಮ ಕಡೆಯ ಹಳೆ ಮನೆ ಹಾಗಲ್ಲ ಅಲ್ವಾ? ಅಡುಗೆಮನೆಯ ಹಿಂಬಾಗಿಲು ದಾಟಿ ನಾಲ್ಕು ಹೆಜ್ಜೆ ಹೋದರೆ ಬಚ್ಚಲುಕೊಟ್ಟಿಗೆ. ಅದರ ಪಕ್ಕ ಬಾವಿಕಟ್ಟೆ, ಬಟ್ಟೆ ಒಗೆಯುವ ಕಲ್ಲು. ಅಲ್ಲಿಂದ ತೆಂಗಿನ ಮರಕ್ಕೆ ಕಟ್ಟಿದ ಬಟ್ಟೆ ಹಗ್ಗ. ಸ್ನಾನ ಮುಗಿಸಿ ತಲೆಗೆ ಬೈರಾಸು ಸುತ್ತಿಕೊಂಡು ಕೋಣೆಗೆ ಬರಬೇಕಾದರೆ ಹಿತ್ತಲಿನ ಅಂಗಳ ದಾಟಲೇಬೇಕು. ಮಗುವಿಗೆ ನೀರು ಹೊಯ್ಯುವುದು ಬಾವಿಕಟ್ಟೆಯಲ್ಲಿ. ಮಧ್ಯಾಹ್ನ ಸೆಕೆಗೆ ಹೆಂಗಸರು ಕೂದಲು ಬಿಚ್ಚಿ ಕೂರುವುದು ಹಿಂದಿನ ಜಗಲಿಯಲ್ಲಿ. ಇದೆಲ್ಲ ಲೆಕ್ಕಕ್ಕೆ ‘ಹೊರಗೆ’. ಅಲ್ಲಿ ಒಂದು ಕ್ಯಾಮೆರಾ ಸಿಕ್ಕಿಸಿದರೆ ಹಾಲ್‌ನಲ್ಲಿ ಇಟ್ಟದ್ದಕ್ಕಿಂತ ಜಾಸ್ತಿ ಕಾಣುತ್ತದೆ. ತಮಾಷೆ ಏನೆಂದರೆ ನಾವು ಬೆಂಗಳೂರಿನವರಿಗೆ ಫೋಟೋ ಹಾಕಿ ಮಾರುವುದೂ ಇದನ್ನೇ: ಹಂಡೆ ನೀರಿನ ಸ್ನಾನ, ರಾಟೆ ಇರುವ ಬಾವಿ, ಹಿತ್ತಲಿನ ತಂಪು.

ಕಳೆದ ವರ್ಷ ನೆಂಟರ ಮದುವೆಗೆ ಹೋದಾಗ ನಮ್ಮ ಕಡೆಯವರಿಗೆ ಉಳಿಯಲು ಇಂಥದ್ದೇ ಒಂದು ಮನೆ ಹಿಡಿದಿದ್ದರು. ಊರು, ಮನೆ ಯಾವುದು ಅಂತ ಹೇಳುವುದಿಲ್ಲ. ಬೆಳಿಗ್ಗೆ ಐದೂವರೆಗೆ ದೊಡ್ಡಮ್ಮ ಸ್ನಾನಕ್ಕೆ ಹೊರಟವರು ಹಿತ್ತಲಿನ ಪಂಪ್ ಹಾಕಿದರು. ಟ್ಯಾಂಕಿ ತುಂಬಿ ನೀರು ಸುರಿಯತೊಡಗಿತು. ಆಗ ಮಾಡಿನ ಕೆಳಗಿನಿಂದ ಗಂಡಸಿನ ದನಿ: “ಅಮ್ಮಾ, ಪಂಪ್ ಬಂದ್ ಮಾಡಿ, ನೀರು ಹೋಗ್ತಾ ಉಂಟು.” ದೊಡ್ಡಮ್ಮ ಹೌಹಾರಿ, “ಯಾರು ಮಾರಾಯಾ ಅದು?” ಅಂತ ಸೀರೆ ಸೆರಗು ಎಳೆದುಕೊಂಡು ಸುತ್ತ ನೋಡಿದರೆ ಯಾರೂ ಇಲ್ಲ. ಮನೆಯ ಯಜಮಾನ ಶಾರ್ಜಾದಲ್ಲಿ ಕೂತು ಫೋನಿನಲ್ಲಿ ನೋಡುತ್ತಾ ಮಾತಾಡುತ್ತಿದ್ದ! ಪಾಪ, ಅವನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ನೀರಿನ ಚಿಂತೆ ಅಷ್ಟೆ. ಅಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ದೊಡ್ಡಮ್ಮ ನಗಲಿಲ್ಲ. ಆ ದಿನ ಅವರು ಆ ಬಚ್ಚಲಿಗೆ ಹೋಗಲೇ ಇಲ್ಲ. ಪಕ್ಕದ ಮನೆಯವರನ್ನು ಕೇಳಿ ಅಲ್ಲಿ ಮಿಂದು ಬಂದರು.

ಬಚ್ಚಲಿನೊಳಗೆ ಕ್ಯಾಮೆರಾ ಇಟ್ಟವನಿಗೆ ಕಾನೂನಿನಲ್ಲಿ ಶಿಕ್ಷೆ ಸ್ಪಷ್ಟವಾಗಿದೆ. ಬಚ್ಚಲಿನ ಬಾಗಿಲಿನಿಂದ ನಾಲ್ಕು ಹೆಜ್ಜೆ ಆಚೆ ಇಟ್ಟವನಿಗೆ? ಅವನು ‘ನನ್ನ ಅಂಗಳ, ನನ್ನ ಕ್ಯಾಮೆರಾ’ ಅನ್ನುತ್ತಾನೆ. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿ ಆಗಿದೆ. ಆ ಅರ್ಜಿ ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ನಮ್ಮವರೇ. ಆದರೆ ಬಟ್ಟೆ ಹಗ್ಗದ ಮೇಲಿನ ಕ್ಯಾಮೆರಾ ತೆಗೆಸಲಿಕ್ಕೆ ಯಾರೂ ದಿಲ್ಲಿಗೆ ಹೋಗುವುದಿಲ್ಲವಲ್ಲ. ಒಂದು ರಾತ್ರಿಯ ಅತಿಥಿ ಸುಮ್ನೆ ಸಹಿಸಿಕೊಂಡು ಹೊರಟುಬಿಡುತ್ತಾನೆ.

ಹಂಚಿಕೊಳ್ಳುವ ಸೌಕರ್ಯಗಳದ್ದೂ ಇದೇ ಕತೆ. ಫೋಟೋದಲ್ಲಿ ಈಜುಕೊಳ ಇರುತ್ತದೆ. ಅದು ಪಕ್ಕದ ಎರಡು ಮನೆಗಳಿಗೂ ಸೇರಿದ್ದು ಅಂತ ಬಂದ ಮೇಲೆ ಗೊತ್ತಾಗುತ್ತದೆ. ಅಡುಗೆಮನೆ, ವಾಷಿಂಗ್ ಮೆಷಿನ್, ಕೆಲವು ಕಡೆ ಬಚ್ಚಲು ಕೂಡ ಇನ್ನೊಂದು ಕೋಣೆಯವರ ಜೊತೆ ಹಂಚಿಕೊಳ್ಳಬೇಕು. ಹಂಚಿಕೊಂಡರೆ ತಪ್ಪೇನೂ ಇಲ್ಲ, ನಮ್ಮಲ್ಲೂ ಅಡುಗೆಮನೆ ಒಂದೇ. ದುಡ್ಡು ಕಳಿಸುವ ಮೊದಲು ಹೇಳಬೇಕು, ಅಷ್ಟೆ. ಹೀಗೆ ಹಲವರು ಬಳಸುವ ಜಾಗಕ್ಕೇ ಮಾಲೀಕರು ಮೊದಲು ಕ್ಯಾಮೆರಾ ಹಾಕುವುದು. ‘ಎಲ್ಲರೂ ಓಡಾಡುವ ಜಾಗ ತಾನೇ’ ಅನ್ನುವುದು ಅವರ ವಾದ. ಈಜುಕೊಳದಿಂದ ಒದ್ದೆ ಬಟ್ಟೆಯಲ್ಲಿ ಮೇಲೆ ಬರುವ ಹೆಣ್ಣುಮಗಳಿಗೆ ಆ ವಾದ ಒಪ್ಪಿಗೆಯಾಗುವುದಿಲ್ಲ. ಕೊಳದ ಹತ್ತಿರ ಮಕ್ಕಳ ಸುರಕ್ಷತೆ ಮುಖ್ಯವಾದರೆ ಬೇಲಿ ಹಾಕಿ, ಒಬ್ಬರನ್ನು ನಿಲ್ಲಿಸಿ. ಮುಳುಗುವ ಮಗುವನ್ನು ಕ್ಯಾಮೆರಾ ಎತ್ತುವುದಿಲ್ಲ.

ಮನೆ ಕೊಡುವವರ ಕಷ್ಟ ನನಗೆ ಗೊತ್ತಿಲ್ಲದ್ದೇನಲ್ಲ. ನಾಲ್ಕು ಮಂದಿ ಅಂತ ಹೇಳಿ ಹನ್ನೊಂದು ಮಂದಿ ಬರುತ್ತಾರೆ. ರಾತ್ರಿ ಬಾಟಲಿ ಬಿಚ್ಚುತ್ತಾರೆ. ಬೆಳಿಗ್ಗೆ ನೋಡಿದರೆ ಹಿತ್ತಾಳೆ ಚೊಂಬು ಇರುವುದಿಲ್ಲ. ಹಾಗಾಗಿ ಗೇಟಿಗೆ, ವಾಹನ ನಿಲ್ಲಿಸುವ ಜಾಗಕ್ಕೆ ಕ್ಯಾಮೆರಾ ಬೇಕು, ನಮ್ಮ ಗೇಟಿನಲ್ಲೂ ಒಂದಿದೆ. ಯಾರು ಬಂದರು, ಎಷ್ಟು ಮಂದಿ ಬಂದರು ಅನ್ನಲು ಅದು ಸಾಕು. ಅದರ ಮೈಕ್ ಬಂದ್ ಮಾಡಿದ್ದೇವೆ. ಪಾಸ್‌ವರ್ಡ್ ನನ್ನ ಹತ್ತಿರ ಮಾತ್ರ ಇದೆ, ಭಾವನ ಮಕ್ಕಳು ಕೇಳಿದರೂ ಕೊಟ್ಟಿಲ್ಲ. ಬರುವವರಿಗೆ ವಾಟ್ಸ್‌ಆ್ಯಪ್‌ನಲ್ಲಿ ಕ್ಯಾಮೆರಾ ಇರುವ ಜಾಗದ ಫೋಟೋವನ್ನೂ, ಅದರಲ್ಲಿ ಏನು ಕಾಣುತ್ತದೆ ಅನ್ನುವುದರ ಫೋಟೋವನ್ನೂ ಕಳಿಸುತ್ತೇನೆ. ಎರಡನೆಯದನ್ನು ನೋಡಿದ ಮೇಲೆ ಯಾರೂ ಪ್ರಶ್ನೆ ಕೇಳಿದ್ದಿಲ್ಲ.

ಇನ್ನೊಂದು ಮಾತು. ಕೇರಳ ಪ್ರವಾಸೋದ್ಯಮ ಇಲಾಖೆಯ ವರ್ಗೀಕರಣದಲ್ಲಿ ಹೋಂಸ್ಟೇ ಅಂದರೆ ಮನೆಯವರು ಅದೇ ಮನೆಯಲ್ಲಿ ವಾಸವಿರಬೇಕು. ಪಂಪ್ ಬಂದ್ ಮಾಡಿ ಅಂತ ಹೇಳಲಿಕ್ಕೆ, ಗಲಾಟೆ ಮಾಡಿದವರಿಗೆ ಗದರಿಸಲಿಕ್ಕೆ ಅಲ್ಲೇ ಒಬ್ಬರು ಇರುತ್ತಾರೆ. ಯಾರೂ ಇಲ್ಲದ ಮನೆಗೆ ಹೋಂಸ್ಟೇ ಅಂತ ಬೋರ್ಡು ಹಾಕಿ, ಆ ಒಬ್ಬರ ಕೆಲಸವನ್ನು ಕ್ಯಾಮೆರಾಕ್ಕೆ ಒಪ್ಪಿಸಿದಾಗಲೇ ಅದು ಗೇಟು ಬಿಟ್ಟು ಹಿತ್ತಲಿಗೆ ಬರುವುದು. ದೂರದಲ್ಲಿರುವ ಯಜಮಾನರು ಸಂಬಳ ಕೊಟ್ಟು ಊರಿನ ಒಬ್ಬರನ್ನು ಇಟ್ಟುಕೊಳ್ಳಲಿ. ನಮ್ಮಲ್ಲಿ ಕೆಲಸ ಬೇಕಾದವರಿಗೇನೂ ಕಡಿಮೆಯಿಲ್ಲ.

ಆ್ಯಪ್‌ನ ನಿಯಮ ಆ್ಯಪ್‌ನಲ್ಲಿರುವ ಮನೆಗಳಿಗೆ ಮಾತ್ರ. ನಮ್ಮಲ್ಲಿ ಎಷ್ಟೋ ಮನೆಗಳು ಪರಿಚಯದವರ ಫೋನು, ವಾಟ್ಸ್‌ಆ್ಯಪ್ ಸ್ಟೇಟಸ್‌ನಿಂದಲೇ ಬುಕ್ ಆಗುತ್ತವೆ. ಅವುಗಳನ್ನು ಕೇಳುವವರಿಲ್ಲ. ಆದ್ದರಿಂದ ಗ್ರಾಮ ಪಂಚಾಯತುಗಳು ಇಂಥ ಮನೆಗಳಿಗೆ ಪರವಾನಗಿ ಕೊಡುವಾಗಲೂ ನವೀಕರಿಸುವಾಗಲೂ ಒಂದು ಪುಟದ ಹೇಳಿಕೆ ತೆಗೆದುಕೊಳ್ಳಲಿ: ಕ್ಯಾಮೆರಾ ಎಷ್ಟು, ಎಲ್ಲಿ, ಏನು ಕಾಣುತ್ತದೆ, ದನಿ ದಾಖಲಾಗುತ್ತದೋ, ಯಾರು ನೋಡುತ್ತಾರೆ, ಯಾವ ಸೌಕರ್ಯ ಯಾರ ಜೊತೆ ಹಂಚಿಕೆ. ಬಚ್ಚಲು, ಬಾವಿಕಟ್ಟೆ, ಬಟ್ಟೆ ಹಗ್ಗ, ಈಜುಕೊಳದ ಕಡೆ ಮುಖ ಮಾಡಿದ್ದರೆ ತಿರುಗಿಸಿದ ಮೇಲೆಯೇ ಸಹಿ. ಅದೇ ಪುಟವನ್ನು ಕನ್ನಡ, ಮಲಯಾಳ ಎರಡರಲ್ಲೂ ಮನೆಯ ಬಾಗಿಲ ಹತ್ತಿರ ಅಂಟಿಸಬೇಕು. ಮಂಗಳೂರು, ಪುತ್ತೂರಿನಿಂದ ಬರುವವರಿಗೂ ಓದಲಿಕ್ಕೆ ಬರಬೇಕಲ್ಲ. ನಮ್ಮ ಮನೆಯ ಪುಟವನ್ನು ನಾನು ಈಗಾಗಲೇ ಬರೆದು ಅಂಟಿಸಿದ್ದೇನೆ. ಪಂಚಾಯತಿನವರು ಕೇಳಿದರೆ ನಾಳೆಯೇ ಒಂದು ಪ್ರತಿ ಕೊಡುತ್ತೇನೆ.

ಇತಿ,
ಹೋಂಸ್ಟೇ ನಡೆಸುವ ಗೃಹಿಣಿ
ಕುಂಬಳೆ, ಕಾಸರಗೋಡು ಜಿಲ್ಲೆ