ಅಳಿವೆಬಾಗಿಲಿನ ಹೆಣ್ಣು ಮೀನು

ಕುಣಿಗಲ್,
ಆಷಾಢ ಮಾಸ

ಚಿರಂಜೀವಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ. ಮಳೆ ಮಾತ್ರ ಮೋಡ ತೋರಿಸಿ ಹೋಗುತ್ತಿದೆ, ರಾಗಿ ಬಿತ್ತನೆಗೆ ಇನ್ನೂ ಹದ ಸಿಕ್ಕಿಲ್ಲ.

ಮಂಗಳೂರಿನಿಂದ ನೀನು ಕಳಿಸಿದ ಫೋಟೋ ನೋಡಿದೆ. ಹೊಳೆ ಕಡಲು ಸೇರುವ ಅಳಿವೆಬಾಗಿಲಿನ ತಡೆಗೋಡೆಯ ಮೇಲೆ ನಿಂತು, ಕಿವಿರಿಗೆ ಬೆರಳು ತೂರಿಸಿ, ಎಂಟು ಕೆ.ಜಿ.ಯ ಸೀಬಾಸ್ ಮೀನನ್ನು ಎತ್ತಿ ಹಿಡಿದಿದ್ದೀಯೆ. ನಿನ್ನ ದೊಡ್ಡಮ್ಮ ಮೊಬೈಲ್ ಹಿಡಿದು ಬೀದಿಗೆಲ್ಲ ತೋರಿಸಿ ಬಂದಳು. ನನ್ನ ಕಣ್ಣು ಮಾತ್ರ ಅದರ ಉಬ್ಬಿದ ಹೊಟ್ಟೆಯ ಮೇಲೆಯೇ ನಿಂತುಬಿಟ್ಟಿತು.

ಈ ಮೀನು ಹುಟ್ಟಿ ಬೆಳೆದು ಮೊದಲು ಗಂಡಾಗುತ್ತದೆ, ಕೆಲವು ವರ್ಷ ಕಳೆದ ಮೇಲೆ ಹೆಣ್ಣಾಗುತ್ತದೆ. ಹಾಗಾಗಿ ಆ ಗಾತ್ರದವು ಬಹುಪಾಲು ಹೆಣ್ಣೇ. ಮಳೆಗಾಲದಲ್ಲಿ ಮೊಟ್ಟೆ ಇಡಲು ಹೊಳೆಯಿಂದ ಅಳಿವೆಯ ಕಡೆಗೆ ಇಳಿದು ಬರುತ್ತವೆ. ಒಂದೊಂದೂ ಲಕ್ಷಗಟ್ಟಲೆ ಮೊಟ್ಟೆ ಇಡುವಂಥದ್ದು. ನೀನು ಗಾಳ ಹಾಕಿದ್ದು ಬಾಣಂತಿ ಮನೆಯ ಬಾಗಿಲಿಗೆ. ಕಲ್ಲಿನ ಸಂದಿಯ ಮುರು ಮೀನಿನದು ಇದಕ್ಕೆ ತಿರುವುಮುರುವು, ಅದು ಮೊದಲು ಹೆಣ್ಣು, ಆಮೇಲೆ ಗಂಡು. ಅಲ್ಲಿ ದೊಡ್ಡವನ್ನೇ ಆರಿಸಿ ತೆಗೆದರೆ ಗಂಡುಗಳಿಗೇ ಬರ ಬರುತ್ತದೆ.

ಬಯ್ಯುತ್ತಿದ್ದೇನೆ ಎಂದುಕೊಳ್ಳಬೇಡ. ನಿನಗಿಂತ ದೊಡ್ಡ ತಪ್ಪು ನಾನು ಹನ್ನೆರಡನೇ ವಯಸ್ಸಿನಲ್ಲೇ ಮಾಡಿದ್ದೆ. ನಮ್ಮೂರ ಕಟ್ಟೆಯಲ್ಲಿ ಕೊರವ ಮೀನು ಮರಿ ಮಾಡಿತ್ತು. ಮರಿಗಳೆಂದರೆ ಕೆಂಪಗೆ, ಹಿಡಿ ಕುಂಕುಮ ಚೆಲ್ಲಿದ ಹಾಗೆ, ಒಟ್ಟಿಗೆ ಮೇಲೆ ಬಂದು ಉಸಿರೆಳೆದು ಒಟ್ಟಿಗೆ ಮುಳುಗುತ್ತಿದ್ದವು. ಕೆಳಗೆ ದೊಡ್ಡದು ಕಾವಲು. ಕಪ್ಪೆಮರಿಯನ್ನು ಗಾಳಕ್ಕೆ ಚುಚ್ಚಿ ಆ ಕೆಂಪಿನ ನಡುವೆ ಇಳಿಬಿಟ್ಟೆ. ಹಸಿವಿಗಲ್ಲ, ಮರಿಗಳ ಹತ್ತಿರ ಬಂತಲ್ಲ ಎಂಬ ಸಿಟ್ಟಿಗೆ ಅದು ಕಚ್ಚಿತು. ಮನೆಯಲ್ಲಿ ಸಾರಾಯಿತು. ಮರುದಿನ ಹೋಗಿ ನೋಡಿದರೆ ಆ ಕೆಂಪು ಚೆದುರಿಹೋಗಿತ್ತು, ನೀರುಹಾವೊಂದು ಅಲ್ಲೇ ಸುತ್ತುತ್ತಿತ್ತು. ಮೂರನೆಯ ದಿನ ಏನೂ ಇರಲಿಲ್ಲ.

ಆಮೇಲೆ ಮೂವತ್ತು ವರ್ಷ ಮೀನುಗಾರಿಕೆ ಇಲಾಖೆಯ ಕೆಲಸದಲ್ಲಿ ಕೆರೆ ಕೆರೆಗೂ ಮೀನುಮರಿ ಬಿಟ್ಟೆ. ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲವನ್ನು ಮೊದಲು ನೀರಿನ ಮೇಲೆ ತೇಲಿಬಿಡಬೇಕು. ಒಳಗಿನ ನೀರಿಗೂ ಕೆರೆಯ ನೀರಿಗೂ ಬಿಸಿ ಸಮನಾದ ಮೇಲೆ ಬಾಯಿ ಬಿಚ್ಚಿದರೆ ಮರಿಗಳು ತಾವಾಗಿ ಈಜಿ ಹೋಗುತ್ತವೆ. ಕಾಟ್ಲಾ, ರೋಹು ನಮ್ಮ ಕೆರೆಗಳ ನಿಂತ ನೀರಿನಲ್ಲಿ ಮೊಟ್ಟೆ ಇಡುವುದಿಲ್ಲ. 1957ರಲ್ಲಿ ಒಡಿಶಾದಲ್ಲಿ ಇಂಥ ಮೀನುಗಳಿಗೆ ಚುಚ್ಚುಮದ್ದು ಕೊಟ್ಟು ಮರಿ ಮಾಡಿಸುವುದು ಸಾಧ್ಯವಾದ್ದರಿಂದ ನಮ್ಮ ಕೆಲಸ ನಡೆಯಿತು. ಕುಣಿಗಲ್ ಕೆರೆಯನ್ನು ಈ ವರ್ಷ ಬರಿದು ಮಾಡಿದರೂ ಮುಂದಿನ ವರ್ಷ ಲಾರಿಯಲ್ಲಿ ಮರಿ ಬರುತ್ತದೆ. ನಿನ್ನ ಕಡಲಿಗೆ ಯಾವ ಲಾರಿ ಬರುತ್ತದೆ ಹೇಳು.

ಬೂತಾಯಿ, ಅಂದರೆ ಸಾರ್ಡೀನ್ ಮೀನಿನ ಗತಿ ನೋಡು. ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಸಿಕ್ಕಿದ್ದು 2021ಕ್ಕೆ 3,297 ಟನ್‌ಗೆ ಇಳಿಯಿತು. ಕಡಲು ಕಾದದ್ದೂ ಕಾರಣ, ಮರಿಗಳನ್ನು ಬಾಚಿದ್ದೂ ಕಾರಣ. ಅಲ್ಲಿನ ಸರ್ಕಾರ ಬೂತಾಯಿಗೆ 10 ಸೆಂ.ಮೀ., ಬಂಗುಡೆಗೆ 14 ಸೆಂ.ಮೀ. ಎಂದು ಕನಿಷ್ಠ ಅಳತೆ ಗೊತ್ತುಮಾಡಿದೆ. ಹಾಗೆಂದು ಚಿಕ್ಕದನ್ನು ಬಿಟ್ಟರೆ ಸಾಕು ಎನ್ನುವುದು ಅರ್ಧ ಮಾತು. ದೊಡ್ಡದನ್ನೂ ಬಿಡಬೇಕು. ನಡುವಿನದು ಒಂದೋ ಎರಡೋ ಮನೆಗೆ ಸಾಲದೇ?

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳಿಗೆ ನಿಷೇಧ, ಗಾಳಕ್ಕೆ ಇಲ್ಲವಲ್ಲ ಎನ್ನುತ್ತೀಯೆ. ಇಲ್ಲ, ಸರಿ. ಆದರೆ ಕಡಲನ್ನೇ ನಂಬಿದವರು ದೋಣಿಯನ್ನು ದಕ್ಕೆಯಲ್ಲಿ ಕಟ್ಟಿ 61 ದಿನ ಬಲೆ ಹೆಣೆಯುತ್ತಾ ಕುಳಿತಿರುವಾಗ, ತಿಂಗಳ ಸಂಬಳದ ನೀನು ಅವರೆದುರಿಗೇ ಬುಟ್ಟಿ ತುಂಬಿಸಿಕೊಂಡು ಹೋಗುವುದು ನನಗೆ ಸರಿ ಕಾಣಲಿಲ್ಲ. ಮಳೆಗಾಲದಲ್ಲಿ ಆ ಕಲ್ಲುಗಳ ಮೇಲೆ ಪಾಚಿ ಬೇರೆ. ನಿನ್ನಮ್ಮನಿಗೆ ಅದನ್ನು ಹೇಳಿಲ್ಲ.

ಆಗಸ್ಟ್‌ನಲ್ಲಿ ಹೋಗು. ಗಾಳದ ತುದಿಯ ಹಿಮ್ಮುಳ್ಳನ್ನು ಇಕ್ಕಳದಲ್ಲಿ ಅಮುಕಿ ಚಪ್ಪಟೆ ಮಾಡು, ತೆಗೆಯುವಾಗ ಬಾಯಿ ಹರಿಯುವುದಿಲ್ಲ. ಕೈ ಒದ್ದೆ ಮಾಡಿಕೊಂಡೇ ಮುಟ್ಟು, ಒಣಗೈಗೆ ಅದರ ಮೈಲೋಳೆ ಅಂಟಿ ಕಿತ್ತುಬರುತ್ತದೆ. ಗಾಳ ನುಂಗಿಬಿಟ್ಟಿದ್ದರೆ ಎಳೆಯಬೇಡ, ದಾರವನ್ನು ಬಾಯಿಯ ಹತ್ತಿರ ಕತ್ತರಿಸು. ಕತ್ತರಿಸಿದ ನೈಲಾನ್ ತುಂಡು ಜೇಬಿಗೆ ಬರಲಿ. ಗರಗಸ ಮೀನೋ ಇನ್ನೊಂದೋ ಕಾನೂನಿನಲ್ಲಿ ರಕ್ಷಣೆ ಇರುವುದು ಸಿಕ್ಕಿಕೊಂಡರೆ ಫೋಟೋಗೆ ಕೂಡ ಮೇಲೆತ್ತಬೇಡ.

ಇನ್ನು ಫೋಟೋ ಕಳಿಸುವುದಾದರೆ, ಮೀನು ನೀರಿನಲ್ಲಿರುವಾಗಲೇ ತೆಗೆದು ಕಳಿಸು. ಮಸುಕಾಗಿದ್ದರೂ ಪರವಾಗಿಲ್ಲ, ನಾನು ಕನ್ನಡಕ ಹಾಕಿಕೊಂಡು ನೋಡುತ್ತೇನೆ. ಗೌರಿ ಹಬ್ಬಕ್ಕೆ ಬರುವಾಗ ದಕ್ಕೆಯಲ್ಲಿ ಅರ್ಧ ಕೆ.ಜಿ. ಒಣ ಬಂಗುಡೆ ಕೊಂಡು ತಾ, ನಿನ್ನ ದೊಡ್ಡಮ್ಮ ಕೇಳಿದ್ದಾಳೆ.

ಇಂತಿ,
ನಿನ್ನ ದೊಡ್ಡಪ್ಪ