ಕಾರ್ಡು ನೀನೇ ತೆಗೆಯಬೇಕು

ಪ್ರಿಯ ಗೆಳೆಯ,

ಮೊನ್ನೆ ರಾತ್ರಿ ಹನ್ನೊಂದೂವರೆಗೆ ನೀನು ಕಳಿಸಿದ ಮೆಸೇಜು ಇನ್ನೂ ತಲೆಯಲ್ಲೇ ಇದೆ. ‘ನಿನ್ನ ಹತ್ರ ಆ ಟ್ಯಾರೋ ಕಾರ್ಡು ಇದೆಯಲ್ಲ ಮಾರಾಯ, ನನ್ನ ಹೆಸರಲ್ಲಿ ಒಂದು ತೆಗೆದು ನೋಡು. ಕೆಲಸ ಬಿಟ್ಟು ಊರಿಗೆ ಹೋಗಿ ತೋಟ ನೋಡಿಕೊಳ್ಳಲಾ, ಇಲ್ಲೇ ಇರಲಾ?’ ಅಂತ ಕೇಳಿದ್ದೆ. ಎರಡು ದಿನ ಉತ್ತರ ಕೊಡಲಿಲ್ಲ, ಬೇಜಾರು ಮಾಡ್ಕೋಬೇಡ. ಇದು ಎರಡು ಸಾಲಲ್ಲಿ ಮುಗಿಯುವ ಮಾತಲ್ಲ. ಇಂಥದೇ ಪ್ರಶ್ನೆಯನ್ನು ಇನ್ನೂ ಕೆಲವರು ಕೇಳಿದ್ದಾರೆ. ಅದಕ್ಕೇ ನಿನ್ನ ಒಪ್ಪಿಗೆ ಪಡೆದು, ಹೆಸರು ಬಿಟ್ಟು, ಎಲ್ಲರೂ ಓದುವ ಹಾಗೆ ಇಲ್ಲಿ ಹಾಕುತ್ತಿದ್ದೇನೆ. (ಗೊತ್ತಿಲ್ಲದವರಿಗೆ: ಟ್ಯಾರೋ ಅಂದರೆ ಚಿತ್ರದ ಎಲೆಗಳ ಕಟ್ಟು. ಅದರಿಂದ ಕೆಲವನ್ನು ತೆಗೆದು ಭವಿಷ್ಯ ಹೇಳುವವರಿದ್ದಾರೆ.)

ಮೊದಲೇ ಹೇಳಿಬಿಡುತ್ತೇನೆ. ನಿನ್ನ ಪರವಾಗಿ ನಾನು ಕಾರ್ಡು ತೆಗೆಯುವುದಿಲ್ಲ. ನೀನೇ ತೆಗೆದರೂ ಅದು ‘ಹೋಗು’ ಅಂತಲೋ ‘ಇರು’ ಅಂತಲೋ ಹೇಳುವುದಿಲ್ಲ. ಆದರೂ ನಾನು ದಿನಾ ಬೆಳಗ್ಗೆ ಕಾಫಿ ಜೊತೆ ಒಂದು ಕಾರ್ಡು ತೆಗೆದು ನೋಡುತ್ತೇನೆ. ಯಾಕೆ ಅಂತ ಕೇಳು.

ಅಪ್ಪ ತೀರಿಕೊಂಡ ವರ್ಷ ನಾನು ಒಬ್ಬರ ಹತ್ತಿರ ಕಾರ್ಡು ಓದಿಸಲು ಹೋಗಿದ್ದೆ. ಅರ್ಧ ಗಂಟೆಗೆ 1,500 ರೂಪಾಯಿ. ಮೂರನೇ ಕಾರ್ಡೇ ‘ಡೆತ್’ ಬಂತು. ಆಕೆ ಮುಖ ಸಣ್ಣ ಮಾಡಿಕೊಂಡು ‘ನಿಮ್ಮ ತಾಯಿಯವರನ್ನು ಹುಷಾರಾಗಿ ನೋಡ್ಕೊಳ್ಳಿ’ ಅಂದರು. ಪರಿಹಾರಕ್ಕೆ ಬೇರೆ 11,000 ಕೇಳಿದರು. ನಾನು ಕೊಡಲಿಲ್ಲ. ಆದರೆ ಆಮೇಲೆ ಒಂದು ತಿಂಗಳು ರಾತ್ರಿ ಅಮ್ಮ ಕೆಮ್ಮಿದರೆ ಸಾಕು, ಎದ್ದು ಹೋಗಿ ನೋಡುತ್ತಿದ್ದೆ. ಒಬ್ಬ ಮಗನಿಗೆ ಹಾಗೆ ಹೇಳಬಾರದಿತ್ತು. ಈಗ ನೆನೆಸಿಕೊಂಡರೂ ಸಿಟ್ಟು ಬರುತ್ತದೆ.

ಆ ಚಿತ್ರದಲ್ಲಿ ನಿಜವಾಗಿ ಏನಿದೆ ಅಂತ ನೋಡಲೇಬೇಕು ಅನ್ನಿಸಿ ಚರ್ಚ್ ಸ್ಟ್ರೀಟಿನಲ್ಲಿ ಒಂದು ಕಟ್ಟು ಕೊಂಡೆ. 13ನೇ ಕಾರ್ಡು. ಬಿಳಿ ಕುದುರೆ ಮೇಲೆ ಅಸ್ಥಿಪಂಜರ, ಕೆಳಗೆ ಬಿದ್ದ ರಾಜ. ಅದಷ್ಟೇ ನೆನಪಿತ್ತು. ಹಿಂದೆ ದೂರದಲ್ಲಿ ಎರಡು ಗೋಪುರಗಳ ನಡುವೆ ಒಬ್ಬ ಪುಟ್ಟ ಸೂರ್ಯನಿದ್ದಾನೆ. ಆ ಮೂಲೆಯನ್ನು ಆಕೆ ನನಗೆ ತೋರಿಸಲೇ ಇಲ್ಲ.

ಇದರ ಹುಟ್ಟು ಗೊತ್ತಾದಮೇಲೆ ಹೆದರಿಕೆ ಇನ್ನಷ್ಟು ಹೋಯಿತು. 15ನೇ ಶತಮಾನದಲ್ಲಿ ಉತ್ತರ ಇಟಲಿಯಲ್ಲಿ ಇದು ಆಡುವ ಆಟ, ನಮ್ಮ ಇಸ್ಪೀಟಿನ ಹಾಗೆ. ಮೈಸೂರಿನ ಗಂಜೀಫಾ ನೋಡಿದ್ದೀಯಲ್ಲ, ದುಂಡನೆ ಎಲೆ, ದಶಾವತಾರದ ಕಟ್ಟಿನಲ್ಲಿ 120? ಅದನ್ನು ಕಂಡು ಯಾರೂ ಹೆದರುವುದಿಲ್ಲ ಅಲ್ವಾ? ಟ್ಯಾರೋದಲ್ಲಿ 78. ಅದು ಈಜಿಪ್ಟಿನ ಗುಟ್ಟಿನ ವಿದ್ಯೆ ಅಂತ ಪ್ಯಾರಿಸ್ಸಿನ ಕೂರ್ ದ ಜೆಬೆಲಿನ್ ಎಂಬಾತ ಬರೆದದ್ದು 1781ರಲ್ಲಿ. ಆಧಾರ ಏನೂ ಇರಲಿಲ್ಲ, ಮಾತು ಮಾತ್ರ ಉಳಿಯಿತು. ನನ್ನ ಹತ್ತಿರ ಇರುವ ಚಿತ್ರಗಳು 1909ರವು. ಗೂಢವಿದ್ಯೆಯ ಬಗ್ಗೆ ಬರೆಯುತ್ತಿದ್ದ ಆರ್ಥರ್ ವೇಟ್ ಹೇಳಿ ಬರೆಸಿದ್ದು, ಬರೆದವಳು ಪಮೇಲಾ ಕೋಲ್‌ಮನ್ ಸ್ಮಿತ್ ಎಂಬ ಕಲಾವಿದೆ. ಅದಕ್ಕೆ ಮುಂಚೆ ಹೆಚ್ಚಿನ ಕಟ್ಟುಗಳಲ್ಲಿ ಸಣ್ಣ ಕಾರ್ಡು, ಅಂದರೆ ಇಸ್ಪೀಟಿನ ಹಾಗೆ ಸಂಖ್ಯೆ ಇರುವ ಎಲೆ, ಬರೀ ಆರು ಕತ್ತಿ, ನಾಲ್ಕು ಬಟ್ಟಲು, ಅಷ್ಟೇ. ಅವುಗಳಲ್ಲಿ ಮನುಷ್ಯರನ್ನು ಕೂರಿಸಿದವಳು ಈಕೆ. ದೊಡ್ಡ ಕೆಲಸ, ತೀರಾ ಕಡಿಮೆ ದುಡ್ಡು ಅಂತ ಆಕೆ ಆಗಲೇ ಒಂದು ಪತ್ರದಲ್ಲಿ ಬರೆದಿದ್ದಳು. ಎಷ್ಟೋ ವರ್ಷ ಈ ಕಟ್ಟಿಗೆ ಪ್ರಕಾಶಕರ ಹೆಸರು, ವೇಟ್ ಹೆಸರು ಇತ್ತು, ಆಕೆಯದಿರಲಿಲ್ಲ. ಕಾರ್ಡಿನ ಮೂಲೆಯಲ್ಲಿ ಆಕೆಯ ಸಹಿ ಸಣ್ಣಗೆ ಸುತ್ತಿಕೊಂಡಿದೆ. ನಾನು ಪ್ರತಿ ಸಲ ಮೊದಲು ಅದನ್ನು ಹುಡುಕುತ್ತೇನೆ.

ಈಗ ನಿನಗೆ ಹೇಳಲೇಬೇಕಾದ್ದು. ಅಮ್ಮ ಹನುಮಂತನಗರದ ನಮ್ಮ ಮನೆಗೆ ಬಂದು ಎರಡು ವರ್ಷ ಆಗಿತ್ತು. ಎರಡು ದಿನಕ್ಕೊಮ್ಮೆ ‘ಊರಿಗೆ ಹೋಗ್ತೀನಿ’ ಅನ್ನುವಳು. ‘ಅಲ್ಲಿ ಒಬ್ಬಳೇ ಏನ್ ಮಾಡ್ತೀಯ?’ ಅಂತ ನಾನು ರೇಗುವುದು. ಆಮೇಲೆ ಇಬ್ಬರೂ ಮಾತಿಲ್ಲ. ಕಳೆದ ಮಳೆಗಾಲದಲ್ಲಿ ಒಂದು ಬೆಳಗ್ಗೆ ನೋಟ್‌ಬುಕ್ಕಿನಲ್ಲಿ ಬರೆದೆ: ‘ಅಮ್ಮ ಊರು ಅಂದರೆ ನನಗೆ ಯಾಕೆ ಸಿಟ್ಟು ಬರುತ್ತೆ?’ ಎಲೆ ಕಲಸಿ ಒಂದು ತೆಗೆದೆ. ಆರು ಕತ್ತಿ.

ಒಂದು ದೋಣಿ. ಅದರಲ್ಲಿ ನೆಟ್ಟಗೆ ನಿಂತ ಆರು ಕತ್ತಿ. ಹಿಂದೆ ಅಂಬಿಗ ನಿಂತು ಕೋಲು ಹಾಕುತ್ತಿದ್ದಾನೆ. ಮುಂದೆ ತಲೆ ಮೇಲೆ ಹೊದ್ದುಕೊಂಡು ಮುದುರಿ ಕೂತ ಹೆಂಗಸು, ಪಕ್ಕ ಒಂದು ಮಗು. ದೋಣಿಯ ಒಂದು ಕಡೆ ನೀರು ಕದಡಿದೆ, ಇನ್ನೊಂದು ಕಡೆ ನಿಂತ ಹಾಗಿದೆ. ಅಂಬಿಗ ನಾನೇ ಅಂದುಕೊಂಡೆ. ‘ಎಲ್ಲರನ್ನೂ ದಾಟಿಸಿ ಸುಸ್ತಾಗಿದೆ’ ಅಂತ ಅರ್ಧ ಪುಟ ಬರೆದೆ. ಕಾಫಿ ಆರಿತು. ಮತ್ತೆ ನೋಡಿದಾಗ ಆ ಹೆಂಗಸಿನ ಮುಖ ಚಿತ್ರದಲ್ಲಿ ಇಲ್ಲವೇ ಇಲ್ಲ ಅನ್ನುವುದು ಕಂಡಿತು. ಬರೀ ಬೆನ್ನು. ಎಲ್ಲಿಗೆ ಹೋಗಬೇಕು ಅಂತ ಆಕೆಯನ್ನು ಯಾರಾದರೂ ಕೇಳಿದರಾ?

ಸಂಜೆ ಅಮ್ಮ ಅಡುಗೆಮನೆಯಲ್ಲಿ ಹುರುಳಿಕಾಯಿ ನಾರು ತೆಗೆಯುತ್ತಾ ಕೂತಿದ್ದಳು. ಪಕ್ಕದಲ್ಲಿ ಕೂತು ಕೇಳಿದೆ, ‘ಊರಿಗೆ ಹೋದರೆ ಮೊದಲು ಏನು ಮಾಡ್ತೀಯ ಅಮ್ಮ?’

‘ಬಚ್ಚಲೊಲೆಗೆ ಬೆಂಕಿ ಹಾಕ್ತೀನಿ’ ಅಂದಳು. ಒಂದು ಕ್ಷಣವೂ ಯೋಚನೆ ಮಾಡಲಿಲ್ಲ. ‘ಹಂಡೆ ತುಂಬ ನೀರು ಕಾಯಿಸಿ ಸ್ನಾನ ಮಾಡ್ತೀನಿ. ಈ ಗೀಸರ್ ನೀರಲ್ಲಿ ಎರಡು ವರ್ಷದಿಂದ ಮೈ ಬೆಚ್ಚಗೇ ಆಗಿಲ್ಲ ನಂಗೆ.’

‘ಅಲ್ಲೇ ಇದ್ದುಬಿಡ್ತೀಯಾ?’

‘ಅಲ್ಲೇ ಇರ್ತೀನಿ ಅಂತ ಯಾರು ಹೇಳಿದ್ರು? ಹದಿನೈದು ದಿನ ಇದ್ದು ಬರ್ತೀನಿ ಕಣೋ.’

ಎರಡು ವರ್ಷ ನಾವು ಜಗಳ ಆಡಿದ್ದು ಅವಳು ಕೇಳದೇ ಇದ್ದ ವಿಷಯಕ್ಕೆ. ಬಚ್ಚಲೊಲೆಯ ಸುದ್ದಿ ಕಾರ್ಡಿಗೆ ಗೊತ್ತಿರಲಿಲ್ಲ ಗೆಳೆಯ, ಅಮ್ಮನಿಗೆ ಗೊತ್ತಿತ್ತು. ನಾನು ಕೇಳಿರಲಿಲ್ಲ.

‘ಇದಕ್ಕೆ ಕಾರ್ಡು ಯಾಕೆ ಬೇಕು, ಸುಮ್ನೆ ಕೂತು ಯೋಚನೆ ಮಾಡಿದರೆ ಆಗಲ್ವಾ?’ ಅಂತ ನೀನು ಕೇಳುತ್ತೀಯ. ನನಗೆ ಆಗುವುದಿಲ್ಲ. ಸುಮ್ಮನೆ ಕೂತರೆ ನನ್ನ ಯೋಚನೆ ಗಾಣದೆತ್ತಿನ ಹಾಗೆ ಅದೇ ಸುತ್ತು ಸುತ್ತುತ್ತದೆ. ನಾನು ಆರಿಸದೇ ಇದ್ದ ಚಿತ್ರವೊಂದು ಎದುರಿಗೆ ಬಂದು ಕೂತರೆ ಬೇರೆ ಕಡೆಯಿಂದ ಶುರು ಮಾಡಲೇಬೇಕಾಗುತ್ತದೆ. ನಮ್ಮ ಅಜ್ಜಿ ದೇವರ ಮುಂದೆ ಹೂವಿನ ಪ್ರಸಾದ ಕೇಳುತ್ತಿದ್ದದ್ದು ನೆನಪಿದೆಯಾ? ಬಲಗಡೆ ಬಿದ್ದರೆ ಆಗುತ್ತೆ, ಎಡಗಡೆ ಬಿದ್ದರೆ ಬೇಡ. ಚಿಕ್ಕತ್ತೆಯ ಸಂಬಂಧಕ್ಕೆ ಎಡಗಡೆ ಬಿತ್ತು. ಅಜ್ಜಿ ಸ್ವಲ್ಪ ಹೊತ್ತು ನಿಂತು, ‘ಇನ್ನೊಂದು ಸಲ ಕೇಳೋಣ ಭಟ್ರೇ’ ಅಂದಳು. ಆ ಮದುವೆ ಆಗಬೇಕು ಅಂತ ಅವಳಿಗೆ ಎಷ್ಟು ಆಸೆಯಿತ್ತು ಅನ್ನುವುದು ನಮಗೆಲ್ಲ ಗೊತ್ತಾದದ್ದೇ ಆಗ. ಅಜ್ಜಿಯ ಭಕ್ತಿಯನ್ನೂ ನನ್ನ ಕಾರ್ಡನ್ನೂ ಒಂದೇ ತಕ್ಕಡಿಗೆ ಹಾಕುತ್ತಿಲ್ಲ. ಅವಳ ಮುಖ ಮಾತ್ರ ನೆನಪಾಗುತ್ತದೆ.

ಒರಾಕಲ್ ಕಾರ್ಡು ಅಂತಲೂ ಬರುತ್ತವೆ, ಟ್ಯಾರೋ ಹಾಗೇ ತೆಗೆದು ನೋಡುವಂಥವು. ಅವಕ್ಕೆ ಇಷ್ಟೇ ಇರಬೇಕೆಂಬ ಲೆಕ್ಕವಿಲ್ಲ, ಮಾಡಿದವರು ಇಟ್ಟದ್ದೇ ಸಂಖ್ಯೆ. ಅಂಗಡಿಯವು ನನಗೆ ಜಾಸ್ತಿ ಸಿಹಿ ಅನ್ನಿಸಿದವು. ಹಳೆ ಲಗ್ನಪತ್ರಿಕೆಗಳನ್ನು ಕತ್ತರಿಸಿ ಮೂವತ್ತು ನಾನೇ ಮಾಡಿಕೊಂಡೆ. ಒಂದೊಂದರಲ್ಲಿ ಒಂದೊಂದೇ ಮಾತು: ಹೊಸಿಲು, ಬಾವಿ, ಸಾಲ, ಉಪ್ಪು, ಅಣ್ಣ, ಬೀಗದ ಕೈ. ಮೂಲೆಗೆ ಹಚ್ಚಿದ ಅರಿಶಿನ ಉಳಿದಿರುವುದರಿಂದ ಕೆಲವು ಬೆನ್ನು ನೋಡಿದರೇ ಗುರುತು ಸಿಗುತ್ತವೆ. ‘ಸಾಲ’ಕ್ಕೆ ಹಾಗೆ ಗುರುತಿದೆ. ನನ್ನ ಬೆರಳು ಅದನ್ನು ಬಿಟ್ಟು ಪಕ್ಕದ್ದಕ್ಕೆ ಹೋದ ದಿನ, ಅದನ್ನೇ ತೆಗೆದು ಬರೆಯುತ್ತೇನೆ.

ನಿನ್ನ ಪ್ರಶ್ನೆಗೆ ಬರೋಣ. ‘ಹೋಗಲಾ, ಇರಲಾ’ ಅಂತ ಕಾರ್ಡಿಗೆ ಕೇಳಬೇಡ. ‘ಊರು ಅಂದಾಗ ನನಗೆ ಏನು ಕಾಣುತ್ತೆ?’ ಅಂತ ಒಂದು, ‘ಇಲ್ಲಿಂದ ಯಾತಕ್ಕೆ ಓಡಬೇಕು ಅನ್ನಿಸ್ತಿದೆ?’ ಅಂತ ಇನ್ನೊಂದು ಕೇಳು. ಕಂಡದ್ದನ್ನು ಬರಿ, ಆಮೇಲೆ ಬೇಕಾದರೆ ಜೊತೆಗೆ ಬರುವ ಪುಸ್ತಕ ತೆರಿ. ಇಷ್ಟವಾದದ್ದು ಬರುವ ತನಕ ಮತ್ತೆ ಮತ್ತೆ ತೆಗೆಯಬೇಕು ಅನ್ನಿಸಿದರೆ ಕಟ್ಟು ಮುಚ್ಚಿ ಎತ್ತಿಡು. ಕೊಳೆರೋಗಕ್ಕೆ ಎಷ್ಟು ಅಡಿಕೆ ಹೋಗುತ್ತೆ, ಗೊನೆ ಇಳಿಸಲು ಜನ ಸಿಗುತ್ತಾರಾ, ಮಗಳ ಸ್ಕೂಲು ಏನು, ಇವಕ್ಕೆ ನಿಮ್ಮಪ್ಪನ ಹತ್ತಿರ, ನಿಮ್ಮ ಮನೆಯವರ ಹತ್ತಿರ ಕೂತು ಮಾತಾಡಬೇಕು. ರಾತ್ರಿ ನಿದ್ದೆ ಬರ್ತಿಲ್ಲ ಅಂತ ಕೊನೆಗೆ ಬರೆದಿದ್ದೆ. ಅದಕ್ಕೆ ಡಾಕ್ಟರನ್ನು ನೋಡು. ದಯವಿಟ್ಟು ಮುಂದೆ ಹಾಕಬೇಡ.

ಶನಿವಾರ ಬೆಳಗ್ಗೆ ಬಾ. ವೈಟ್‌ಫೀಲ್ಡಿನಿಂದ ಕಾರು ತರಬೇಡ, ಮೆಟ್ರೋ ಹತ್ತಿ ಮೆಜೆಸ್ಟಿಕ್‌ನಲ್ಲಿ ಹಸಿರು ಲೈನಿಗೆ ಬದಲಾಯಿಸಿ ನ್ಯಾಷನಲ್ ಕಾಲೇಜಿನಲ್ಲಿ ಇಳಿ. ಬ್ಯೂಗಲ್ ರಾಕ್ ಪಾರ್ಕಿನಲ್ಲಿ ಬಂಡೆ ಹತ್ತಿರ ಕೂರೋಣ. ಕಟ್ಟು ನಾನು ತರುತ್ತೇನೆ, ಎಲೆ ಕಲಸುವುದು ನೀನು. ಅಮ್ಮ ಹೋದ ವಾರ ಊರಿಂದ ಬಂದಳು. ಹದಿನೈದು ದಿನ ಅಂದವಳು ಇಪ್ಪತ್ತೆರಡು ದಿನ ಇದ್ದಳು. ನಿನಗೆ ಅಂತ ಒಂದು ಬಾಟಲಿ ಅಪ್ಪೆಮಿಡಿ ಉಪ್ಪಿನಕಾಯಿ ತೆಗೆದಿಟ್ಟಿದ್ದಾಳೆ. ಚೀಲ ಮರೀಬೇಡ.

ನಿನ್ನ,
ಹಳೆ ಗೆಳೆಯ