ಲಿನಕ್ಸ್ ಬೂಟ್ ಆಗದಿದ್ದರೆ ಫಾರ್ಮ್ಯಾಟ್ ಮದ್ದಲ್ಲ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಕಂಪ್ಯೂಟರ್ ಪ್ರಶ್ನೋತ್ತರದಲ್ಲಿ ಓದುಗರೊಬ್ಬರು, ವಿಂಡೋಸ್ ಜೊತೆಗೆ ಹಾಕಿಕೊಂಡಿದ್ದ ಉಬುಂಟು ಎಂಬ ಲಿನಕ್ಸ್ ಇದ್ದಕ್ಕಿದ್ದಂತೆ ಬೂಟ್ ಆಗುತ್ತಿಲ್ಲ, ಸ್ಕ್ರೀನ್ ಮೇಲೆ 'ಸೆಕ್ಯುರಿಟಿ ಪಾಲಿಸಿ ವಯೊಲೇಶನ್' ಅಂತ ಬಂದು ಮಷಿನ್ ಆಫ್ ಆಗುತ್ತಿದೆ, ಏನು ಮಾಡಲಿ ಎಂದು ಕೇಳಿದ್ದರು. ಉತ್ತರ ಎರಡೇ ಸಾಲು. ಸೆಕ್ಯೂರ್ ಬೂಟ್ (ಒಪ್ಪಿದ ಡಿಜಿಟಲ್ ಸಹಿ ಇರುವ ಬೂಟ್‌ಲೋಡರ್ ಮಾತ್ರ ಮಷಿನ್ ಏಳಿಸಲಿ ಎಂದು ಇಟ್ಟ ಕಾವಲು) ಆಫ್ ಮಾಡಿ, ಆಗಲೂ ಸರಿಹೋಗದಿದ್ದರೆ ಫಾರ್ಮ್ಯಾಟ್ ಮಾಡಿಸಿ. ಮೊದಲನೆಯದು ಅರ್ಧ ಸರಿ. ಎರಡನೆಯದು ಪೂರ್ತಿ ತಪ್ಪು. ಫಾರ್ಮ್ಯಾಟ್ ಮಾಡಿಸಿದರೆ ಡೇಟಾ ಹೋಗುತ್ತದೆ, ತೊಂದರೆ ಅಲ್ಲೇ ಇರುತ್ತದೆ. ಕಾಲೇಜು ಲ್ಯಾಬ್ ನೋಡಿಕೊಳ್ಳುವವನು ನಾನು, ಸೆಮಿಸ್ಟರ್ ಕೊನೆಯಲ್ಲಿ ಇದೇ ಗೋಳು ಹೊತ್ತು ಬರುವ ಹುಡುಗರು ಜಾಸ್ತಿ, ಹಾಗಾಗಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

2024ರ ಆಗಸ್ಟ್ 13ರಂದು ಮೈಕ್ರೋಸಾಫ್ಟ್ ತನ್ನ ಆ ತಿಂಗಳ ಅಪ್‌ಡೇಟ್ ಬಿಟ್ಟಿತು. ಲಿನಕ್ಸ್ ಏಳಿಸುವ ಗ್ರಬ್ ಬೂಟ್‌ಲೋಡರ್‌ನಲ್ಲಿ 2022ರಲ್ಲೇ ಒಂದು ದೋಷ ಸಿಕ್ಕಿತ್ತು. ಅದನ್ನು ಬಳಸಿ ಯಾರೂ ಒಳಗೆ ನುಗ್ಗದಿರಲಿ ಅಂತ ಹಳೆ ಬೂಟ್‌ಲೋಡರ್‌ಗಳನ್ನು ತಡೆಯುವ ಎಸ್‌ಬ್ಯಾಟ್ ಪಟ್ಟಿಯೊಂದು ಆ ಅಪ್‌ಡೇಟ್‌ನಲ್ಲಿತ್ತು. ವಿಂಡೋಸ್, ಲಿನಕ್ಸ್ ಎರಡೂ ಇರುವ ಮಷಿನ್‌ಗಳಿಗೆ ಇದು ಹೋಗುವುದಿಲ್ಲ ಎಂದಿದ್ದರು. ಹೋಯಿತು. ಮರುದಿನದಿಂದ ಎಷ್ಟೋ ದೇಶಗಳಲ್ಲಿ ಜನ 'ಸಮ್‌ಥಿಂಗ್ ಹ್ಯಾಸ್ ಗಾನ್ ಸೀರಿಯಸ್ಲಿ ರಾಂಗ್' ಎಂಬ ಸಾಲು ನೋಡುತ್ತಾ ಕೂತರು. ಅದನ್ನು ವಿಂಡೋಸ್ ಕಡೆಯಿಂದ ಸರಿಪಡಿಸಿದ್ದು 2025ರ ಮೇ ತಿಂಗಳ ಅಪ್‌ಡೇಟ್‌ನಲ್ಲಿ.

ಎಸ್‌ಬ್ಯಾಟ್ ಕೆಲಸ ಮಾಡುವ ರೀತಿ ಇಷ್ಟೇ. ಮೊದಲೆಲ್ಲ ಕೆಟ್ಟ ಬೂಟ್‌ಲೋಡರ್‌ಗಳನ್ನು ಒಂದೊಂದಾಗಿ ಹೆಸರಿಸಿ ತಡೆಯುತ್ತಿದ್ದರು. 2020ರಲ್ಲಿ ಬೂಟ್‌ಹೋಲ್ ಎಂಬ ದೋಷ ಬಯಲಾದಾಗ ತಡೆಯಬೇಕಾದ ಫೈಲ್‌ಗಳು ಎಷ್ಟಿದ್ದವೆಂದರೆ, ಮದರ್‌ಬೋರ್ಡ್‌ನಲ್ಲಿ ಅದಕ್ಕೆಂದು ಇಟ್ಟ ಚೂರು ಜಾಗದಲ್ಲಿ ಸುಮಾರು ಮೂರನೇ ಒಂದು ಭಾಗ ಆ ಒಂದೇ ಸಲಕ್ಕೆ ಖರ್ಚಾಯಿತು. ಹಾಗಾಗಿ ಪ್ರತಿ ಬೂಟ್‌ಲೋಡರ್‌ಗೂ ಒಂದು ತಲೆಮಾರಿನ ಸಂಖ್ಯೆ ಕೊಟ್ಟು, ಇದಕ್ಕಿಂತ ಕೆಳಗಿನವು ಬೇಡ ಎಂದು ಒಂದೇ ಸಾಲಿನಲ್ಲಿ ಬರೆಯುವ ಪದ್ಧತಿ ಬಂತು. ಸಹಿ ಅಸಲಿಯೇ, ಆದರೆ ಚಲಾವಣೆ ಇಲ್ಲ. 2016ರ ನಂತರದ ಹಳೆ ಐನೂರರ ನೋಟಿನ ಹಾಗೆ.

ಈ ಪಟ್ಟಿ ಕೂತಿರುವುದು ಹಾರ್ಡ್‌ಡಿಸ್ಕ್‌ನಲ್ಲಲ್ಲ, ಮದರ್‌ಬೋರ್ಡ್‌ನ ಮೆಮೊರಿಯಲ್ಲಿ. ಡಿಸ್ಕ್ ಪೂರ್ತಿ ಒರೆಸಿ ಹಾಕಿ, ಹೊಸ ಎಸ್‌ಎಸ್‌ಡಿ ಬೇಕಾದರೂ ಹಾಕಿ, ಪಟ್ಟಿ ಅಲ್ಲೇ ಇರುತ್ತದೆ. ಮತ್ತೆ ಲಿನಕ್ಸ್ ಹಾಕೋಣ ಅಂತ ಯಾವುದೋ ಹಳೆ ಪೆನ್‌ಡ್ರೈವ್ ಚುಚ್ಚಿದರೆ ಅದರಲ್ಲಿರುವ ಬೂಟ್‌ಲೋಡರ್ ಕೂಡ ಹಳೆಯದೇ, ಹಾಗಾಗಿ ಅದೂ ಅದೇ ಮೆಸೇಜ್ ತೋರಿಸಿ ಆಫ್ ಆಗುತ್ತದೆ. ಆಗ ಅಂಗಡಿಯವರು ಮದರ್‌ಬೋರ್ಡ್ ಹೋಗಿದೆ ಅಂದುಬಿಡುತ್ತಾರೆ. ಪಾಪ, ಹುಡುಗ ನಂಬುತ್ತಾನೆ.

ಸರಿಯಾದ ದಾರಿ ಬೇರೆ. ಮಷಿನ್ ಆನ್ ಆಗುವಾಗ ತೆರೆಯುವ ಬಯೋಸ್ ಸೆಟ್ಟಿಂಗ್‌ಗೆ ಹೋಗಿ ಸೆಕ್ಯೂರ್ ಬೂಟ್ ಆಫ್ ಮಾಡಬೇಕು, ಸ್ವಲ್ಪ ಹೊತ್ತಿಗೆ ಮಾತ್ರ. ಉಬುಂಟು ಏಳುತ್ತದೆ. ಟರ್ಮಿನಲ್ ತೆಗೆದು ಸುಡೋ ಜೊತೆ ಮೋಕ್‌ಯುಟಿಲ್ ಕಮಾಂಡ್‌ಗೆ 'ಸೆಟ್-ಎಸ್‌ಬ್ಯಾಟ್-ಪಾಲಿಸಿ ಡಿಲೀಟ್' (sudo mokutil --set-sbat-policy delete) ಅಂತ ಕೊಡಬೇಕು. ಸೆಕ್ಯೂರ್ ಬೂಟ್ ಆಫ್ ಇರುವಾಗಲೇ ಇನ್ನೊಮ್ಮೆ ಉಬುಂಟುಗೆ ಬೂಟ್ ಆಗಬೇಕು, ಪಟ್ಟಿ ಅಳಿಯುವುದು ಆಗಲೇ. ಬಾಕಿ ಇರುವ ಅಪ್‌ಡೇಟ್ ಎಲ್ಲ ಹಾಕಿಕೊಂಡು, ಅದರಲ್ಲೂ ಶಿಮ್ (ಗ್ರಬ್‌ಗಿಂತ ಮೊದಲು ಏಳುವ ಪುಟ್ಟ ಬೂಟ್‌ಲೋಡರ್) ಮತ್ತು ಗ್ರಬ್ ಹೊಸದಾಗಿವೆಯೇ ನೋಡಿಕೊಂಡು, ವಾಪಸ್ ಸೆಕ್ಯೂರ್ ಬೂಟ್ ಆನ್ ಮಾಡಿದರೆ ಮುಗಿಯಿತು. ಒಂದು ಎಚ್ಚರಿಕೆಯನ್ನು ನಿಮ್ಮ ಅಂಕಣದಲ್ಲಿ ಹೇಳಲೇಬೇಕಿತ್ತು. ವಿಂಡೋಸ್ ಕಡೆ ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್ ಇದ್ದರೆ, ಸೆಕ್ಯೂರ್ ಬೂಟ್ ಮುಟ್ಟಿದ ಕೂಡಲೇ ಅದು 48 ಅಂಕಿಗಳ ರಿಕವರಿ ಕೀ ಕೇಳಬಹುದು. ಆ ಕೀ ಮೊದಲೇ ಬರೆದಿಟ್ಟುಕೊಳ್ಳದೆ ಬಯೋಸ್‌ಗೆ ಕೈ ಹಾಕಬೇಡಿ.

ಸೆಕ್ಯೂರ್ ಬೂಟ್ ಸುಮ್ನೆ ಆಫ್ ಮಾಡಿಟ್ಟರೆ ಏನಾಗುತ್ತೆ ಅಂತ ಕೇಳುವವರಿದ್ದಾರೆ. ನಾಳೆಯೇ ಏನೂ ಆಗಲ್ಲ. ಆದರೆ ಉಬುಂಟು, ಫೆಡೋರಾದಂಥ ಲಿನಕ್ಸ್‌ಗಳಲ್ಲಿ ಅದು ಆನ್ ಇದ್ದಾಗ ಮಾತ್ರ ಕರ್ನಲ್, ಅಂದರೆ ಲಿನಕ್ಸ್‌ನ ತಿರುಳು, ತಾನಾಗಿ ಲಾಕ್‌ಡೌನ್ ಸ್ಥಿತಿಗೆ ಹೋಗುತ್ತದೆ. ಕರ್ನಲ್‌ನ 5.4ನೇ ಆವೃತ್ತಿಯಿಂದ ಬಂದ ಈ ಲಾಕ್‌ಡೌನ್, ಸಹಿ ಇಲ್ಲದ ಡ್ರೈವರ್‌ಗಳನ್ನು ಕರ್ನಲ್ ಒಳಗೆ ಬಿಡುವುದಿಲ್ಲ. ಹೈಬರ್ನೇಟ್ ಕೂಡ ನಿಲ್ಲಿಸುತ್ತದೆ, ಅದರ ಬಗ್ಗೆ ನನಗೂ ಸಿಟ್ಟಿದೆ, ಇರಲಿ.

ಗ್ರಾಫಿಕ್ಸ್ ಡ್ರೈವರ್ ಹಾಕಿದ ಮೇಲೆ ಸ್ಕ್ರೀನ್ ಕಪ್ಪಾಯಿತು ಅನ್ನುವವರ ಕಥೆ ಹೆಚ್ಚಿನಪಾಲು ಇಲ್ಲೇ ಶುರುವಾಗುವುದು. ಸೆಕ್ಯೂರ್ ಬೂಟ್ ಆನ್ ಇದ್ದು ಎನ್‌ವಿಡಿಯಾ ಡ್ರೈವರ್ ಹಾಕುವಾಗ ಉಬುಂಟು ಎಷ್ಟೋ ಸಲ ಒಂದು ಪಾಸ್‌ವರ್ಡ್ ಕೇಳುತ್ತದೆ. ರೀಸ್ಟಾರ್ಟ್ ಮಾಡಿದಾಗ ನೀಲಿ ಸ್ಕ್ರೀನ್ ಬಂದು, ಯಾವುದಾದರೂ ಕೀ ಒತ್ತಿ ಅಂತ 10 ಸೆಕೆಂಡ್ ಎಣಿಸುತ್ತದೆ. ಅಲ್ಲಿ 'ಎನ್‌ರೋಲ್ ಮೋಕ್' (ಡ್ರೈವರ್‌ನ ಸಹಿಗೆ ಬೇಕಾದ ಕೀಯನ್ನು ಮಷಿನ್‌ಗೆ ಸೇರಿಸುವುದು) ಆರಿಸಿ ಅದೇ ಪಾಸ್‌ವರ್ಡ್ ಕೊಡಬೇಕು. ನೀಲಿ ಸ್ಕ್ರೀನ್ ಅಂದರೆ ವೈರಸ್ ಅಂದುಕೊಂಡು ಹುಡುಗರು ಪವರ್ ಬಟನ್ ಅದುಮುತ್ತಾರೆ, ಇಲ್ಲವೇ ಮೊದಲಿಗೇ ಕಾಣುವ 'ಕಂಟಿನ್ಯೂ ಬೂಟ್' ಒತ್ತಿಬಿಡುತ್ತಾರೆ. ಕೀ ಸೇರಲಿಲ್ಲ, ಡ್ರೈವರ್ ಒಳಗೆ ಬರಲಿಲ್ಲ, ಬೈಗುಳ ಮಾತ್ರ ಲಿನಕ್ಸ್‌ಗೆ.

ಸರ್ವರ್ ಕಲಿಯುವವರು ಸಿಕ್ಕಿಬೀಳುವ ಜಾಗ ಇನ್ನೊಂದು, ಯಾವ ಪ್ರೋಗ್ರಾಂ ಯಾವ ಫೈಲ್ ಮುಟ್ಟಬಹುದು ಎಂದು ಕಾಯುವ ಸೆಲಿನಕ್ಸ್. ರೆಡ್‌ಹ್ಯಾಟ್ ಬಳಗದ ಅಲ್ಮಾ, ರಾಕಿ ಎಂಬ ಲಿನಕ್ಸ್‌ಗಳಲ್ಲಿ ಇದು ಮೊದಲಿಂದಲೇ ಇರುತ್ತದೆ. ಯಾರೋ ಅದನ್ನು ಆಫ್ ಮಾಡು ಅಂದಿರುತ್ತಾರೆ. ಕಾನ್ಫಿಗ್ ಫೈಲ್‌ನಲ್ಲಿ 'ಸೆಲಿನಕ್ಸ್' ಅಂತ ಒಂದು ಸಾಲು, 'ಸೆಲಿನಕ್ಸ್‌ಟೈಪ್' ಅಂತ ಇನ್ನೊಂದು. ಅವಸರದಲ್ಲಿ ಎರಡನೆಯದಕ್ಕೆ 'ಡಿಸೇಬಲ್ಡ್' ಬರೆದರೆ ಕತೆ ಮುಗಿಯಿತು. ಆ ಹೆಸರಿನ ಪಾಲಿಸಿ ಎಲ್ಲೂ ಇಲ್ಲವಲ್ಲ, ಮುಂದಿನ ಬೂಟ್‌ನಲ್ಲಿ ಪಾಲಿಸಿ ಲೋಡ್ ಮಾಡಲು ಆಗುತ್ತಿಲ್ಲ, ಫ್ರೀಜಿಂಗ್ ಅಂತ ಹೇಳಿ ಮಷಿನ್ ನಿಂತುಬಿಡುತ್ತದೆ. ಇದಕ್ಕೂ ಫಾರ್ಮ್ಯಾಟ್ ಬೇಡ. ಗ್ರಬ್ ಮೆನುವಿನಲ್ಲಿ 'ಇ' ಒತ್ತಿ, 'ಲಿನಕ್ಸ್' ಎಂದು ಶುರುವಾಗುವ ಉದ್ದ ಸಾಲಿನ ಕೊನೆಗೆ 'ಎನ್‌ಫೋರ್ಸಿಂಗ್=0' ಸೇರಿಸಿ, ಕಂಟ್ರೋಲ್ ಎಕ್ಸ್ ಒತ್ತಿ. ಆ ಒಂದು ಬೂಟ್‌ಗೆ ಮಾತ್ರ ಬಿಗಿ ಸಡಿಲವಾಗುತ್ತದೆ. ಒಳಗೆ ಹೋಗಿ ಆ ಸಾಲನ್ನು ವಾಪಸ್ 'ಟಾರ್ಗೆಟೆಡ್' ಮಾಡಿದರೆ ಆಯಿತು. ಕೆಲವರು ಅದನ್ನು ಪೂರ್ತಿ ಆಫ್ ಮಾಡುವ 'ಸೆಲಿನಕ್ಸ್=0' ಹಾಕಿ ಅನ್ನುತ್ತಾರೆ. ಹಾಗೆ ಎದ್ದಾಗ ಹೊಸದಾಗಿ ಬರೆದ ಫೈಲ್‌ಗಳಿಗೆ ಸೆಲಿನಕ್ಸ್ ನೋಡುವ ಗುರುತು, ಅಂದರೆ ಲೇಬಲ್, ಬೀಳುವುದಿಲ್ಲ, ಆಮೇಲೆ ಸೆಲಿನಕ್ಸ್ ಆನ್ ಮಾಡಿದರೆ ಲಾಗಿನ್ನೇ ಆಗದೆ ಹೋಗಬಹುದು. ಆಗ ಮತ್ತೆ 'ಎನ್‌ಫೋರ್ಸಿಂಗ್=0' ಹಾಕಿ ಒಳಗೆ ಹೋಗಿ, ರೂಟ್‌ನಲ್ಲಿ, ಅಂದರೆ ಎಲ್ಲಕ್ಕೂ ಮೇಲಿನ ಫೋಲ್ಡರ್‌ನಲ್ಲಿ, 'ಆಟೋರೀಲೇಬಲ್' ಎಂಬ ಖಾಲಿ ಫೈಲ್ ಇಟ್ಟು, ಹೆಸರಿನ ಮೊದಲಿಗೆ ಒಂದು ಚುಕ್ಕಿ ಮರೆಯದೆ (/.autorelabel), ರೀಸ್ಟಾರ್ಟ್ ಮಾಡಿ ಕಾಯಬೇಕು. ಡಿಸ್ಕ್ ದೊಡ್ಡದಿದ್ದರೆ ತುಂಬಾ ಹೊತ್ತು ಹಿಡಿಯುತ್ತದೆ, ನಡುವೆ ಕರೆಂಟ್ ತೆಗೆಯಬೇಡಿ. ಉಬುಂಟುವಿನಲ್ಲಿ ಇದೇ ಬಗೆಯ ಕಾವಲು ಕಾಯುವ ಆಪ್‌ಆರ್ಮರ್ ಇರುವಾಗಲೇ ಅದರ ಮೇಲೆ ಸೆಲಿನಕ್ಸ್ ಹೇರುವುದಂತೂ ಬೇಡವೇ ಬೇಡ, ಮೂಲ ಕರ್ನಲ್‌ನಲ್ಲಿ ಇವೆರಡರಲ್ಲಿ ಒಂದೇ ನಡೆಯುವುದು.

ಇಷ್ಟೆಲ್ಲ ನೆನಪಿಡಲು ಆಗದಿದ್ದರೂ ಮಷಿನ್ ಎಲ್ಲಿ ನಿಂತಿತು ಅನ್ನುವುದೊಂದನ್ನು ನೋಡಿ, ಮೊಬೈಲಿನಲ್ಲಿ ಸ್ಕ್ರೀನಿನ ಫೋಟೊ ಹೊಡೆದುಕೊಳ್ಳಿ. ಗ್ರಬ್ ಮೆನು ಬರುವ ಮೊದಲೇ ನಿಂತರೆ ಸೆಕ್ಯೂರ್ ಬೂಟ್ ಕಡೆ ನೋಡಿ. ಮೆನುವಿನಲ್ಲಿ ಕರ್ನಲ್ ಆರಿಸಿದ ಕೂಡಲೇ 'ಬ್ಯಾಡ್ ಶಿಮ್ ಸಿಗ್ನೇಚರ್' ಅಂದರೆ ಆ ಕರ್ನಲ್‌ಗೆ ಒಪ್ಪುವ ಸಹಿ ಇಲ್ಲ, 'ಅಡ್ವಾನ್ಸ್ಡ್ ಆಪ್ಷನ್ಸ್'ಗೆ ಹೋಗಿ ಹಿಂದಿನ ಕರ್ನಲ್ ಆರಿಸಿ. ಅದೂ ದಾಟಿ ಕಪ್ಪಾಗಿ ನಿಂತರೆ, ಮತ್ತೆ 'ಇ' ಒತ್ತಿ 'ಕ್ವಯಟ್ ಸ್ಪ್ಲಾಶ್' ಎಂಬ ಎರಡು ಪದ ಅಳಿಸಿ ಬೂಟ್ ಮಾಡಿ, ಮುಚ್ಚಿಟ್ಟಿದ್ದ ಮೆಸೇಜ್‌ಗಳು ಸಾಲಾಗಿ ಕಾಣುತ್ತವೆ.

ಈ ತಲೆನೋವು ಮುಂದೆಯೂ ಬರಲಿದೆ, ಅದಕ್ಕೇ ಇಷ್ಟು ಉದ್ದ ಬರೆದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತ ಮೇಲೆ ಹಳೆ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಿಕೊಳ್ಳೋಣ ಅನ್ನುವವರು ಊರೂರಲ್ಲಿದ್ದಾರೆ. ಅದರ ಮೇಲೆ, ಸೆಕ್ಯೂರ್ ಬೂಟ್‌ಗೆ ಮೈಕ್ರೋಸಾಫ್ಟ್ 2011ರಲ್ಲಿ ಕೊಟ್ಟ ಸರ್ಟಿಫಿಕೇಟ್‌ಗಳ ಅವಧಿ 2026ರ ಜೂನ್‌ನಿಂದ ಒಂದೊಂದಾಗಿ ಮುಗಿಯುತ್ತದೆ. ಈಗಾಗಲೇ ಓಡುತ್ತಿರುವ ಲಿನಕ್ಸ್ ಅದರಿಂದ ಒಂದೇ ದಿನದಲ್ಲಿ ನಿಲ್ಲುವುದಿಲ್ಲ. ಆದರೆ 2023ರ ಹೊಸ ಕೀಯಿಂದ ಮಾತ್ರ ಸಹಿಯಾದ ಬೂಟ್‌ಲೋಡರ್ ಬಂದರೆ, ಆ ಕೀ ಇಲ್ಲದ ಹಳೆ ಮದರ್‌ಬೋರ್ಡ್‌ಗಳು ಅದನ್ನು ಒಪ್ಪುವುದಿಲ್ಲ. ಬಯೋಸ್ ಅಪ್‌ಡೇಟ್ ಇದ್ದರೆ ಈಗಲೇ ಹಾಕಿಕೊಳ್ಳಿ ಅಂತ ಮುಂದಿನ ವಾರದ ಅಂಕಣದಲ್ಲಿ ಒಂದು ಸಾಲು ಹಾಕಿ. ಜೊತೆಗೆ, ಪ್ರಶ್ನೆ ಕೇಳಿದ ಆ ಓದುಗರು ಇನ್ನೂ ಫಾರ್ಮ್ಯಾಟ್ ಮಾಡಿಸಿರದಿದ್ದರೆ ತಡೆಯಿರಿ. ಅವರ ಫೈಲ್‌ಗಳು ಡಿಸ್ಕ್‌ನಲ್ಲಿ ಹಾಗೇ ಇವೆ.

ಇಂತಿ,
ಕಾಲೇಜು ಲ್ಯಾಬ್‌ನ ಒಬ್ಬ ಬೋಧಕ
ಚಿತ್ರದುರ್ಗ